ಗುರುಬಸವ್ವನ ಹಿಮ್ಮೇಳ

ಕೆನಡಾದ ಬ್ರ್ಯಾಂಪ್ಟನ್ನಿನ ನಮ್ಮ ಕನ್ನಡ ಬಳಗಕ್ಕೆ ಗುರುಬಸವ್ವ ಅಂದರೆ ‘ಗೀಗೀ ಅಕ್ಕ’. ಹೋದ ವರ್ಷ ಆಕೆ ಹಾಸಿಗೆ ಬಿಟ್ಟು ಏಳದಾದಳು, ಮಾತು ನಿಂತಿತು, ಡಾಕ್ಟರು ಡಿಪ್ರೆಶನ್ ಅಂದರು. ಬಳಗ ಏನು ಮಾಡಿತು? ರಾಜ್ಯೋತ್ಸವದಿಂದ ಆಕೆಯ ಹಾಡನ್ನೇ ತೆಗೆಯಿತು. “ತಲೆ ಸರಿ ಇಲ್ವಂತೆ, ಸ್ಟೇಜ್ ಮೇಲೆ ಏನಾದ್ರೂ ಆಗ್ಬಿಟ್ರೆ?” ಅಂದರು ಅಧ್ಯಕ್ಷ ರಾಮಮೂರ್ತಿ. ಮೊಣಕಾಲು ಮುರಿದರೆ ಬಿಸಿಬೇಳೆಭಾತಿನ ಡಬ್ಬಿ ಹಿಡಿದು ಓಡುವ ಜನ, ಮನಸ್ಸು ಮುರಿದವಳ ಮನೆ ಮುಂದೆ ಕಾರಿನ ವೇಗ ಹೆಚ್ಚಿಸುತ್ತಾರೆ. ಥೂ!

ಅಲ್ಲಿಗೆ ಆಕೆ ಹಾಡುವುದನ್ನೇ ಬಿಟ್ಟಳು. ಗಂಡ ವೀರಭದ್ರಪ್ಪ ವೇರ್‌ಹೌಸಿನ ಶಿಫ್ಟು ಬದಲಿಸಿಕೊಂಡು ಗುರುವಾರ ಗುರುವಾರ ಕ್ಲಿನಿಕ್ಕಿಗೆ ಕರೆದೊಯ್ಯತೊಡಗಿದ. ಅಲ್ಲೊಂದು ಹಾಡು ಕೇಳುವ ಗುಂಪು. ವಾರಕ್ಕೊಬ್ಬರು ತಮ್ಮ ಹಾಡು ತರಬೇಕು, ಉಳಿದವರು ಕಣ್ಣು ಮುಚ್ಚಿ ಕೇಳಬೇಕು, ತುಟಿ ಪಿಟಿಕ್ಕೆನ್ನುವಂತಿಲ್ಲ. ನಡೆಸುವಾಕೆ ಪ್ರಕೃತಿ, ಮೈಸೂರಿನ ಹುಡುಗಿ.

ಗುರುಬಸವ್ವನ ಸರದಿ ಬಂತು. ಹುಬ್ಬಳ್ಳಿಯ ತಂಗಿ ದಪ್ಪು ಬಾರಿಸುತ್ತ ಹಾಡಿ ವಾಟ್ಸಾಪಿನಲ್ಲಿ ಕಳಿಸಿದ್ದಳು. ಗೀಗೀ ಪದ ಗೊತ್ತಲ್ಲ: ಮುಂದೆ ನಿಂತು ಹಾಡುವವರು ಸಾಲು ಎಸೆಯಬೇಕು, ಹಿಮ್ಮೇಳದವರು ‘ಗೀಗೀ ಗಾಗೀಯ ಗೀ’ ಅಂತ ಹಿಡಿಯಬೇಕು. ತವರಿನ ಮೇಳದಲ್ಲಿ ಹಿಡಿಯುವಾಕೆ ಯಾವತ್ತೂ ಗುರುಬಸವ್ವ. ತಂಗಿ ರೂಢಿಯಂತೆ ಅಕ್ಕನ ಜಾಗ ಖಾಲಿ ಬಿಟ್ಟೇ ಹಾಡಿದ್ದಳು.

ಅದನ್ನೇ ಹಾಕಿದರು. ಮೊದಲ ಸಾಲು ಮುಗಿಯಿತು. ದಪ್ಪು ಹಿಮ್ಮೇಳಕ್ಕೆ ಕಾಯಿತು. ಕೋಣೆ ಗಪ್ಪು. ಎರಡನೇ ಸಾಲು. ಮತ್ತೆ ಗಪ್ಪು. ಹಿಮ್ಮೇಳ ಸಿಗದ ಗೀಗೀ ಪದ ಅಂದರೆ ಮೈಗೆಲ್ಲ ಸೋಪು ಹಚ್ಚಿಕೊಂಡಾಗ ನಲ್ಲಿ ನಿಂತ ಹಾಗೆ! ಆಕೆ ಸ್ವೆಟರಿನ ತೋಳು ಕಚ್ಚಿ ಹಿಡಿದಳು. ಆಗಲಿಲ್ಲ.

“ಗೀಗೀ ಗಾಗೀಯ ಗೀ!”

“ಅಮ್ಮಾ, ಸೈಲೆಂಟಾಗಿ…” ಅಂತ ಪ್ರಕೃತಿ ಅನ್ನುವಷ್ಟರಲ್ಲಿ ಇನ್ನೊಂದು ಸಾಲು ಮುಗಿದಿತ್ತು. ಸದಾ ನೆಲ ನೋಡುತ್ತಿದ್ದ ಪಂಜಾಬಿ ಟ್ರಕ್ ಡ್ರೈವರ್ ಖಾಲಿ ಜಾಗಕ್ಕೆ ಧುಮುಕಿದ: “ಗೀಗೀ!” ಜಮೈಕಾದ ಅಜ್ಜಿ ಕುರ್ಚಿ ಬಡಿದಳು. ಆಮೇಲೆ ಕೋಣೆಗೆ ಕೋಣೆಯೇ ಗೀಗೀ. ಪಕ್ಕದ ಯೋಗದವರು ಸಿಟ್ಟಿನಿಂದ ಗೋಡೆ ಗುದ್ದಿದರು. ಅದೂ ತಾಳಕ್ಕೇ ಬಿತ್ತು.

“ಏನನ್ನಿಸ್ತು ಅಮ್ಮಾ?” ಅಂದಳು ಪ್ರಕೃತಿ, ನಗು ತಡೆಯುತ್ತ.

“ಅನಿಸೂದೇನ ತಂಗಿ, ಗಂಟ್ಲ ಒಣಗೇತಿ, ನೀರ ಕೊಡು. ನೀ ಯಾಕ ಬಾಯಿ ಬಿಡಲಿಲ್ಲ?”

“ನಾನು ಗ್ರೂಪ್ ನಡೆಸೋಳು…”

“ಗೀಗೀ ಅನ್ನಾಕೂ ಪರ್ಮಿಷನ್ ಬೇಕೇನ?”

ಮತ್ತೊಮ್ಮೆ ಹಾಕಿದರು. ಈ ಸಲ ಎಲ್ಲರಿಗಿಂತ ದೊಡ್ಡ ದನಿ ಪ್ರಕೃತಿಯದು.

ಕಾಯಿಲೆ ಓಡಿಹೋಯಿತು ಅಂತ ನಾನು ಪುಂಗಿ ಊದುವುದಿಲ್ಲ. ಮಾತ್ರೆ ನಡೆದಿದೆ, ಏಳಲಾಗದ ಬೆಳಗೂ ಬರುತ್ತದೆ. ಆದರೆ ಹೊರಗೆ ಕೂತು ಎಲ್ಲ ಕೇಳಿಸಿಕೊಂಡಿದ್ದ ವೀರಭದ್ರಪ್ಪ ಹೆಂಡತಿ ಹಾಡಿದ್ದನ್ನು ದಿನಸಿ ಅಂಗಡಿ ತುಂಬ ಸಾರಿದ. ರಾಮಮೂರ್ತಿಯವರ ಫೋನು ಬಂತು.

“ಈ ಸಲ ಹಾಡ್ತೀರಾ ಅಕ್ಕಾ? ಒಬ್ಬರೇ ತಾನೇ?”

“ಒಬ್ಬಾಕಿ ಹೆಂಗ ಹಾಡ್ಲಿ ಸಾಹೇಬ್ರ? ನಮ್ಮ ಗುರುವಾರದ ಮಂದಿ ಹಿಮ್ಮೇಳಕ್ಕ ಬರ್ತೀವಿ ಅಂದಾರ. ಎಲ್ಲಾರ ತಲೀನೂ ನನ್ನಂಗ ಐತ್ರಿ. ಊಟಕ್ಕ ಎಲಿ ಹೆಚ್ಚಿಗಿ ಹಾಕಸ್ರಿ.”

ಆ ಕಡೆ ಫೋನು ಗಪ್ಪು.

ಖಾಲಿ ಜಾಗ ಸಿಕ್ಕಿದ್ದೇ ತಡ, ಗುರುಬಸವ್ವ ಎತ್ತಿದಳು: “ಗೀಗೀ ಗಾಗೀಯ ಗೀ!”