ಅಪ್ಪ ಆರಿಸಿದ ವಿಮಾನ

“ಕೈರೋದಾಗ ಇಳಿದು ಬ್ಯಾರೆ ವಿಮಾನ ಹತ್ತಬೇಕಾ? ನಡುವ ಎಷ್ಟು ವೇಳೆ ಅದ?” ಅಪ್ಪ ಕೇಳಿದರು. ಲಂಡನ್ನಿಗೆ ಓದಲು ಹೊರಟಿದ್ದ ನಾನು ಎರಡು ಕಂಪನಿಗಳ ವೇಳಾಪಟ್ಟಿ ಓದಿ ಹೇಳುತ್ತಿದ್ದೆ. ಸೋಮವಾರ ಕಾಲೇಜಿಗೆ ಹಾಜರಾಗದಿದ್ದರೆ ಸೀಟು ಹೋಗುತ್ತಿತ್ತು.

“ಒಂದೇ ತಾಸು. ಇದೇ ಲಗೂ ಮುಟ್ತದ, ಅಪ್ಪಾ. ಇನ್ನೊಂದು ಕಂಪನೀದು ಕೈರೋದಾಗ ನಿಂತು ಅದೇ ವಿಮಾನ ಲಂಡನ್ನಿಗೆ ಹೋಗ್ತದ, ಆದ್ರ ಮುಟ್ಟೂದು ತಡ.”

ಅಪ್ಪನಿಗೆ ಅಕ್ಷರ ಬಾರದು. ವಾಡಿ ಜಂಕ್ಷನ್ನಿನಲ್ಲಿ ಹಳಿ ಬದಲಿಸುವ ಕೆಲಸ. “ನೀ ಬಿ.ಎ. ಪಾಸಾದಾಕಿ, ಖರೆ. ಮುಂಬಯಿ ಗಾಡಿ ತಡಾಗಿ ಹೈದರಾಬಾದ್ ಗಾಡಿ ತಪ್ಪಿಸ್ಕೊಂಡು ಅಳೋರನ್ನ ನಾ ದಿನಾ ನೋಡ್ತೀನವ್ವಾ. ಸೀದಾ ಹೋಗೋದೇ ಹಿಡಿ.”

ಹಾಗೇ ಮಾಡಿದೆ. ವಿಮಾನ ಕೈರೋ ಮುಟ್ಟಿದಾಗ ನಾಲ್ಕು ತಾಸು ತಡ. ಮುಂದಿನ ವಿಮಾನ ತಪ್ಪಿದವರು ಗೋಗರೆಯುತ್ತಿದ್ದರು. ನಾನು ನನ್ನ ಸೀಟಿಗೇ ಮರಳಿ ಕುಳಿತೆ.

ಸೋಮವಾರ ಕಾಲೇಜಿನ ಅರ್ಜಿಯಲ್ಲಿ ತಂದೆಯ ಉದ್ಯೋಗ ಕೇಳಿದ್ದರು. ಅದುವರೆಗೂ ‘ರೈಲ್ವೆ ನೌಕರ’ ಎಂದಷ್ಟೇ ಬರೆಯುತ್ತಿದ್ದೆ. ಅಂದು ‘ಹಳಿ ಬದಲಿಸುವವರು, ವಾಡಿ’ ಎಂದು ದೊಡ್ಡ ಅಕ್ಷರದಲ್ಲಿ ಬರೆದೆ.