ನೀರಿನಲ್ಲಿ ಕುಳಿತವರು

ಇಂಥ ಸಂಗತಿಗಳನ್ನು ಬೇರೆಯವರು ಹೇಳಿದಾಗ ನಾನು ನಂಬುತ್ತಿರಲಿಲ್ಲ. ಎದುರಿಗೆ ತಲೆಯಾಡಿಸಿ, ಕಾಫಿ ತರುವ ನೆಪದಲ್ಲಿ ಅಡುಗೆಮನೆಗೆ ಬಂದು ನಕ್ಕವಳು ನಾನು. ಶಿವಾಜಿನಗರದ ಹತ್ತಿರ ಕಾನ್ವೆಂಟಿನಲ್ಲಿ ಓದುವಾಗ ಸಿಸ್ಟರ್ ಒಬ್ಬರು, ಹೆದರಿಕೆಯಾದರೆ ದೀಪ ಹಾಕಿ ನೋಡು, ಅಲ್ಲಿರುವುದು ನಿನ್ನ ಸ್ಕೂಲ್ ಬ್ಯಾಗೇ ಆಗಿರುತ್ತದೆ ಎನ್ನುತ್ತಿದ್ದರು. ಜೀವನವಿಡೀ ಹಾಗೇ ದೀಪ ಹಾಕಿ ನೋಡಿಕೊಂಡು ಬಂದೆ. ಆದರೆ ಇದು ಹಾಡಹಗಲಿನಲ್ಲಿ, ಕಿಟಕಿಗಳೆಲ್ಲ ತೆರೆದಿದ್ದಾಗ ಕಂಡದ್ದು. ಇದಕ್ಕೆ ಯಾವ ದೀಪ ಹಾಕಬೇಕೋ ಈವರೆಗೂ ತಿಳಿದಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ಹೊಸ ತಿಪ್ಪಸಂದ್ರದ ನಮ್ಮ ಮನೆಯ ಮೇಲಿನ ಮಹಡಿಗೆ ನಸ್ರೀನ್ ಬಂದಿದ್ದಳು. ಫ್ರೇಜರ್ ಟೌನಿನಲ್ಲಿ ಬೆಳೆದವಳು, ಮನೆಯಲ್ಲೇ ಕುಳಿತು ಮದುವೆ ಆಲ್ಬಮ್‌ಗಳ ಫೋಟೊ ತಿದ್ದುವ ಕೆಲಸ ಮಾಡುತ್ತಿದ್ದಳು. ನನಗೆ ಕ್ಯಾಮೆರಾ ಹುಚ್ಚು ಹಿಡಿಸಿದವಳೂ, ಲ್ಯಾಪ್‌ಟಾಪಿನಲ್ಲಿ ಫೋಟೊ ಕತ್ತರಿಸಿ, ಬೆಳಕು ಸರಿಮಾಡುವುದನ್ನು ಕಲಿಸಿದವಳೂ ಅವಳೇ. ಅವಳು ಮದುಮಗಳ ಮೊಡವೆ ಅಳಿಸುವಾಗ ನಾನು ಪಕ್ಕದಲ್ಲಿ ಕುಳಿತು ಹಕ್ಕಿಯ ಕೊಕ್ಕಿಗೆ ಅಂಟಿದ ಕೆಸರನ್ನು ಅಳಿಸಬೇಕೋ ಬೇಡವೋ ಎಂದು ಯೋಚಿಸುತ್ತಿದ್ದೆ.

ಕೆರೆಯಂಚಿನ ಕೆಸರಿನಲ್ಲಿ ನಡೆದಾಡುವ ಹಕ್ಕಿಗಳೆಂದರೆ ನನಗೆ ಪ್ರಾಣ. ಅವುಗಳ ಫೋಟೊ ತೆಗೆಯಲು ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಬೇಕು; ಕ್ಯಾಮೆರಾ ಹಕ್ಕಿಯ ಕಣ್ಣಿನ ಮಟ್ಟಕ್ಕೆ ಬಂದರೇ ಚೆಂದ. ಆ ಭಾನುವಾರ ಬೆಳಿಗ್ಗೆ ಕೆ.ಆರ್. ಪುರದಾಚೆಯ ಒಂದು ಕೆರೆಯಲ್ಲಿ ಹಾಗೆಯೇ ಅಕ್ಕಿಚೀಲ ಹಾಸಿಕೊಂಡು ಮಲಗಿದ್ದೆ. ಎದುರಿಗೆ ಒಂದು ಮೆಟ್ಟುಗಾಲು ಹಕ್ಕಿ. ಕಡ್ಡಿಯಂಥ ಉದ್ದನೆಯ ಗುಲಾಬಿ ಕಾಲು, ಬಿಳಿ ಮೈ, ಕಪ್ಪು ರೆಕ್ಕೆ. ಗಾಳಿಯೇ ಇರಲಿಲ್ಲ. ನೀರಿನಲ್ಲಿ ಅದರ ಬಿಂಬ ಕನ್ನಡಿಯಲ್ಲಿದ್ದಂತೆ ನಿಂತಿತ್ತು.

ಸ್ಕೂಟರಿನಲ್ಲಿ ಕರೆತಂದ ನಮ್ಮ ಯಜಮಾನರು ನೀರಿನ ಆಚೆ ಬದಿಗೆ, ಸರಿಯಾಗಿ ಹಕ್ಕಿಯ ಹಿಂದೆಯೇ ಹೋಗಿ ನಿಂತರು. ಫ್ಲಾಸ್ಕಿನ ಲೋಟ ಹಿಡಿದ ಎಡಗೈಯಲ್ಲಿ ಗಡಿಯಾರ ಮಿಂಚುತ್ತಿತ್ತು. ಸರಿಯಿರಿ ಎಂದು ಕೈಸನ್ನೆ ಮಾಡಿದೆ. ಕಾಫಿ ಕೇಳುತ್ತಿದ್ದೇನೆಂದು ತಿಳಿದು ಅವರು ಲೋಟ ಎತ್ತಿ ತೋರಿಸಿದರು. ಹೇಗೋ ಆಗಲಿ ಎಂದು ಬಟನ್ ಒತ್ತಿ ಹಿಡಿದೆ. ಹಾಗೆ ಹಿಡಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಒಂದರ ಹಿಂದೆ ಒಂದು ಹಲವಾರು ಫೋಟೊ ಬೀಳುತ್ತವೆ.

ಮರುದಿನ ಅವರು ಕಾರ್ಖಾನೆಗೆ ಹೋದ ಮೇಲೆ, ಕುಕ್ಕರ್ ಇಟ್ಟು ಫೋಟೊ ಆರಿಸಲು ಕುಳಿತೆ. ಹಕ್ಕಿ ತಲೆ ಬಗ್ಗಿಸಿ ಕೊಕ್ಕನ್ನು ನೀರಿಗೆ ಚಾಚಿತ್ತು. ಬಿಂಬವನ್ನೂ ಸೇರಿಸಿ ಕತ್ತರಿಸೋಣ ಎಂದು ದೊಡ್ಡದು ಮಾಡಿದೆ. ನೀರಿನಲ್ಲಿದ್ದ ಹಕ್ಕಿ ತಲೆ ಎತ್ತಿಬಿಟ್ಟಿತ್ತು. ಅಲೆ ಇರಬೇಕು ಎಂದುಕೊಂಡು ಮುಂದಿನ ಫೋಟೊ ನೋಡಿದೆ, ಅದರ ಮುಂದಿನದನ್ನೂ ನೋಡಿದೆ. ಅಲ್ಲಿ ಮೇಲಿನ ಹಕ್ಕಿಯೂ ತಲೆ ಎತ್ತಿತು, ನೀರಿನದು ಹೇಗೆ ಎತ್ತಿತ್ತೋ ಹಾಗೆಯೇ. ಹಿಂದೆ ಮುಂದೆ ಎಷ್ಟು ಸಲ ಓಡಿಸಿದರೂ ಅದೇ. ನೀರಿನೊಳಗಿನದು ಮೊದಲು, ಮೇಲಿನದು ಆಮೇಲೆ.

ನಸ್ರೀನಳನ್ನು ಕೂಗಿದೆ. ಅವಳು ಕೈಗೆ ಮೆತ್ತಿದ್ದ ಹಿಟ್ಟನ್ನೂ ತೊಳೆಯದೆ ಇಳಿದು ಬಂದಳು.

"ಅಯ್ಯೋ, ಇದಕ್ಯಾಕೆ ಇಷ್ಟು ಗಾಬರಿ?" ಎಂದು ನಕ್ಕಳು. "ಕ್ಯಾಮೆರಾ ಮೇಲಿಂದ ಕೆಳಕ್ಕೆ ಓದ್ಕೊಂಡು ಬರತ್ತೆ ಕಣೇ. ಕೆಳಗಿಂದು ಒಂಚೂರು ಲೇಟಾಗಿ ಬೀಳತ್ತೆ. ನನ್ ಮದುವೆ ಫೋಟೊದಲ್ಲಿ ಫ್ಯಾನ್ ರೆಕ್ಕೆ ಬಾಳೆಹಣ್ಣಿನ ಥರ ಬಗ್ಗಿರೋದು ನೋಡಿಲ್ವಾ?"

ನನಗೆ ಹೋದ ಜೀವ ಬಂದಂತಾಯಿತು. ಇಬ್ಬರೂ ಚಹಾ ಹಿಡಿದು ಉಳಿದವನ್ನು ನೋಡತೊಡಗಿದೆವು. ಕೊನೆಯ ಕೆಲವು ಫೋಟೊಗಳಲ್ಲಿ ಫೋಕಸ್ ಹಕ್ಕಿಯನ್ನು ಬಿಟ್ಟು ಹಿಂದಿದ್ದ ಯಜಮಾನರ ಮೇಲೆ ಕುಳಿತಿತ್ತು. ಸಾಮಾನ್ಯವಾಗಿ ಅಂಥವನ್ನು ನೋಡದೆಯೇ ಅಳಿಸುತ್ತೇನೆ. ಅಳಿಸಲು ಹೋದ ಬೆರಳು ನಿಂತಿತು. ದಡದ ಮೇಲೆ ಅವರು ಲೋಟ ಹಿಡಿದು ನೆಟ್ಟಗೆ ನಿಂತಿದ್ದರು. ನೀರಿನಲ್ಲಿ ಅವರು ಕುಳಿತಿದ್ದರು. ತಲೆ ಬಗ್ಗಿಸಿ, ಒಂದು ಕೈಯನ್ನು ಎದೆಗೆ ಒತ್ತಿಕೊಂಡು.

ನಸ್ರೀನ್ ಲ್ಯಾಪ್‌ಟಾಪನ್ನು ತನ್ನತ್ತ ಎಳೆದುಕೊಂಡಳು. "ಅಣ್ಣ ಅಲ್ಲಿ ಕೂತಿದ್ರಾ?" ಎಂದಳು. ಇಲ್ಲ. ಕೆರೆಯಲ್ಲಿ ಅವರು ಒಮ್ಮೆಯೂ ಕೂರಲಿಲ್ಲ, ಪ್ಯಾಂಟಿಗೆ ಕೆಸರಾಗುತ್ತದೆ ಎಂದು. "ಅವರಿಗೆ ತೋರಿಸ್ಬೇಡ," ಎಂದು ಹೇಳಿ ಎದ್ದು ಹೋದಳು. ಅವಳ ಲೋಟದಲ್ಲಿ ಚಹಾ ಅರ್ಧ ಹಾಗೇ ಇತ್ತು.

ಹಕ್ಕಿಯ ಬಿಂಬ ಒಂದೆರಡು ಫೋಟೊಗಳಷ್ಟು ಮುಂದಿತ್ತು. ಇವರದು ಎಷ್ಟು ಮುಂದೆ? ಒಂದು ದಿನವೇ, ಒಂದು ವರ್ಷವೇ? ಕೂಡಲೇ ಅವರಿಗೆ ಫೋನ್ ಮಾಡಿದೆ.

"ಏನೇ, ಗ್ಯಾಸ್ ಖಾಲಿಯಾಯ್ತಾ?"

"ಇಲ್ಲ ರೀ. ಎದೆ ಏನಾದ್ರೂ ನೋಯ್ತಿದ್ಯಾ?"

"ಬೆಳಿಗ್ಗೆ ನೀನ್ ಕೊಟ್ಟ ಉಪ್ಪಿಟ್ಟು ಇನ್ನೂ ಅಲ್ಲೇ ನಿಂತಿದೆ, ಅಷ್ಟೇ. ಯಾಕೆ?"

ಅವರು ನಕ್ಕರು. ನನಗೆ ನಗು ಬರಲಿಲ್ಲ. ಅತ್ತು ಕರೆದು ಅದೇ ವಾರ ಅವರನ್ನು ಇಂದಿರಾನಗರದ ಡಾಕ್ಟರ ಬಳಿಗೆ ಕರೆದೊಯ್ದೆ. ಎಲ್ಲ ಪರೀಕ್ಷೆ ಮಾಡಿ, ಹೃದಯ ಗಟ್ಟಿಯಾಗಿದೆ, ನಿಮ್ಮ ಮನೆಯವರಿಗೇ ಸ್ವಲ್ಪ ನಿದ್ದೆ ಬೇಕು ಎಂದರು ಡಾಕ್ಟರು. ನಿದ್ದೆ ಎಲ್ಲಿಂದ ಬರಬೇಕು? ಅವರು ಚಪ್ಪಲಿ ಬಿಡಲು ಬಗ್ಗಿದರೆ ಬಾಗಿಲಿಗೆ ಓಡುತ್ತಿದ್ದೆ. ಸ್ನಾನದ ಮನೆಯಲ್ಲಿ ನೀರಿನ ಸದ್ದು ನಿಂತರೆ ಸಾಕು, ಏನಾದರೂ ನೆಪ ಮಾಡಿಕೊಂಡು ಕೂಗುತ್ತಿದ್ದೆ.

ಹೀಗೇ ಕೆಲವು ತಿಂಗಳು ಕಳೆದವು. ಒಂದು ಸಂಜೆ ಹಲಸೂರಿನಲ್ಲಿ ಮೆಟ್ರೊ ಇಳಿದು ಇಬ್ಬರೂ ಹೊರಬಂದೆವು. ನಾನು ಹೂವು ಕೊಳ್ಳುತ್ತಿದ್ದೆ. ತಿರುಗಿ ನೋಡಿದರೆ ಅವರು ಮೆಟ್ಟಿಲ ಮೇಲೆ ಕುಳಿತಿದ್ದರು. ತಲೆ ಬಗ್ಗಿಸಿ, ಒಂದು ಕೈಯನ್ನು ಎದೆಗೆ ಒತ್ತಿಕೊಂಡು. ನಾನು ಕಿರುಚಿದೆನಂತೆ. ಹೂವು ಎಲ್ಲಿ ಬಿತ್ತೋ ತಿಳಿಯದು. ಓಡಿ ಹೋಗಿ ಅವರ ಭುಜ ಹಿಡಿದು ಅಲುಗಿಸಿದಾಗ ಅವರೇ ಬೆಚ್ಚಿಬಿದ್ದರು. ಚಪ್ಪಲಿಯೊಳಗೆ ಕಲ್ಲು ಸೇರಿತ್ತು. ಬಗ್ಗಿದಾಗ ಕನ್ನಡಕ ಬೀಳದಿರಲಿ ಎಂದು ಜೇಬು ಹಿಡಿದುಕೊಂಡಿದ್ದರು.

"ನಿನ್ನಿಂದಾನೇ ನಂಗೆ ಅಟ್ಯಾಕ್ ಆಗೋದು," ಎಂದರು. ಹೂವಿನಾಕೆ "ಕುಡಿಮ್ಮಾ, ಕುಡಿ" ಎಂದು ತಮಿಳಿನಲ್ಲಿ ಗದರಿಸುತ್ತ ನನಗೇ ನೀರು ಕುಡಿಸಿದಳು. ಅಷ್ಟು ಜನರ ನಡುವೆ ಅಳುತ್ತಲೇ ನಕ್ಕೆ. ಇಷ್ಟೇ ತಾನೇ, ನೀರಿನಲ್ಲಿ ಕಂಡದ್ದು ಈ ಕಲ್ಲೇ ತಾನೇ? ಮುಗಿಯಿತು ಎಂದು ಹಲಸೂರಿನ ದೇವರಿಗೆಲ್ಲ ಅಲ್ಲಿಂದಲೇ ಕೈಮುಗಿದೆ.

ಮನೆಗೆ ಬಂದು, ಹಗುರ ಮನಸ್ಸಿನಿಂದ, ಆ ಫೋಟೊವನ್ನು ಕೊನೆಯ ಸಲ ನೋಡಿ ಅಳಿಸಿಬಿಡೋಣ ಎಂದು ತೆರೆದೆ. ಎಂದೂ ಮಾಡದಷ್ಟು ದೊಡ್ಡದು ಮಾಡಿದೆ. ಮೆಟ್ಟಿಲ ಮೇಲೆ ಅವರು ಜೇಬು ಹಿಡಿದದ್ದು ಎಡಗೈಯಲ್ಲಿ. ಆ ಕೈಯ ಗಡಿಯಾರ ನನ್ನ ಬಳೆಗೆ ತಾಗಿದ್ದು ಚೆನ್ನಾಗಿ ನೆನಪಿದೆ. ನೀರಿನಲ್ಲಿ ಎದೆಯ ಮೇಲಿದ್ದ ಕೈ ಬರಿದಾಗಿತ್ತು. ಗಡಿಯಾರ ಇನ್ನೊಂದು ಕೈಯಲ್ಲಿ, ಮೊಣಕಾಲಿನ ಮೇಲೆ, ಸಣ್ಣ ಬಿಳಿ ಚುಕ್ಕೆಯಾಗಿ ಹೊಳೆಯುತ್ತಿತ್ತು.

ಅಳಿಸಲಿಲ್ಲ. ಅಳಿಸಿದರೆ ಏನಾದೀತೋ ಎಂಬ ಭಯ, ಇಟ್ಟುಕೊಂಡರೂ ಭಯ. ನಸ್ರೀನ್ ಹೇಳಿದ ಕ್ಯಾಮೆರಾದ ವಿಷಯ ಎಷ್ಟರ ಮಟ್ಟಿಗೆ ನಿಜವೋ ನಾನರಿಯೆ. ಯಜಮಾನರು ಆರೋಗ್ಯವಾಗಿದ್ದಾರೆ, ಇವತ್ತಿಗೂ ಅವರಿಗೆ ತೋರಿಸಿಲ್ಲ. ಇದನ್ನು ಬರೆಯುತ್ತಿರುವಾಗ ಪಕ್ಕದ ಕೋಣೆಯಲ್ಲಿ ಪೇಪರ್ ಓದುತ್ತಿದ್ದಾರೆ. ಈಗಷ್ಟೇ ಕುರ್ಚಿ ಎಳೆದ ಸದ್ದಾಯಿತು. ಎದ್ದು ಹೋಗಿ, ಯಾವ ಕೈ ಎಲ್ಲಿದೆ ಎಂದು ನೋಡಿ ಬಂದೆ.