ಮುನಿರತ್ನಮ್ಮನ ಹುಣಸೆಬೀಜದ ಅಂಟು

ನಲ್ಲೂರಿನ ಮುನಿರತ್ನಮ್ಮನಿಗೆ ಹುಣಸೆಬೀಜದ ಕೆಲಸ ಅತ್ತೆಯಿಂದ ಬಂದದ್ದು. ಬೀಜ ಹುರಿದು, ಕರಿ ಸಿಪ್ಪೆ ಬಿಡಿಸಿ, ಪುಡಿ ಮಾಡಿ ಕುದಿಸಿದರೆ ಗಟ್ಟಿ ಅಂಟಾಗುತ್ತದೆ. ದೊಡ್ಡಬಳ್ಳಾಪುರದಲ್ಲಿ ಸೀರೆಗೆ ರಟ್ಟಿನ ಬಾಕ್ಸ್ ಮಾಡುವ ರಹೀಮ್ ಅದನ್ನೇ ಕೊಳ್ಳುತ್ತಿದ್ದ. ಗಂಡ ತೀರಿಕೊಂಡ ಮೇಲೆ ಅವಳ ಸಂಸಾರ ನಡೆದದ್ದು ಅದರಿಂದಲೇ.

ಸಸ್ಯಮೂಲದ ವಸ್ತುಗಳಿಗೆಂದು ಸರ್ಕಾರದ ಯೋಜನೆ ಬಂದಾಗ ಅವಳ ಮಹಿಳಾ ಸಂಘವೂ ಅದಕ್ಕೆ ಸೇರಿತು. ಪೂರ್ತಿ ಸಸ್ಯದಿಂದಲೇ ಆಗಿರಬೇಕು, ಹಳ್ಳಿಯ ಸಂಘಗಳೇ ಮಾಡಿರಬೇಕು ಎಂಬುದು ಆಗಿನ ನಿಯಮ. ಅವಳ ಅಂಟಿಗೆ ಯೋಜನೆಯ ಹಸಿರೆಲೆಯ ಗುರುತು ಸಿಕ್ಕಿತು; ಅದರಿಂದ ಮಾಡಿದ ಬಾಕ್ಸಿನ ಮೇಲೂ ಆ ಗುರುತು ಬಿತ್ತು. ಸೀರೆ ಅಂಗಡಿಯವರು ಆ ಗುರುತು ನೋಡಿ ಕೇಳಿ ತರಿಸತೊಡಗಿದರು. ಮುನಿರತ್ನಮ್ಮ ಪಕ್ಕದ ಮನೆಯ ಬೈರಮ್ಮನನ್ನೂ ಕೆಲಸಕ್ಕೆ ಕರೆದುಕೊಂಡಳು.

ಹೋದ ವರ್ಷ ನಿಯಮ ಸಡಿಲವಾಯಿತು. ಅರ್ಧ ಸಸ್ಯಮೂಲವಿದ್ದರೂ ಸಾಕು, ದೊಡ್ಡ ಕಾರ್ಖಾನೆಗಳೂ ಸೇರಬಹುದು. ಸಂಘದ ಸಭೆಯಲ್ಲಿ ಇದನ್ನು ಓದಿ ಹೇಳಿದಾಗ, ಒಳ್ಳೆಯದೇ ಇರಬೇಕೆಂದು ಮುನಿರತ್ನಮ್ಮನೂ ಎಲ್ಲರ ಜೊತೆ ಚಪ್ಪಾಳೆ ತಟ್ಟಿದಳು.

ಕೆಲವೇ ತಿಂಗಳಲ್ಲಿ ಕಾರ್ಖಾನೆಯೊಂದರ ಅಂಟಿಗೂ ಅದೇ ಗುರುತು ಸಿಕ್ಕಿತು. ರಾಸಾಯನಿಕ ಬೆರೆತದ್ದರಿಂದ ಅದು ಕೆಡುತ್ತಿರಲಿಲ್ಲ. ಇವಳದು ಬೇಸಿಗೆಯಲ್ಲಿ ಮಾರನೇ ದಿನಕ್ಕೇ ಹುಳಿ ವಾಸನೆ ಹೊಡೆಯುತ್ತಿತ್ತು. ರಹೀಮ್ ತಾನೇ ಊರಿಗೆ ಬಂದು ಜಗಲಿಯ ಮೇಲೆ ಕೂತು, ಇನ್ನು ಮೇಲೆ ಕಾರ್ಖಾನೆಯ ಅಂಟನ್ನೇ ಕೊಳ್ಳುವುದಾಗಿ ಹೇಳಿದ.

“ನಿಮ್ದು ಚೆನ್ನಾಗಿಲ್ಲ ಅಂತಲ್ಲ ಅಕ್ಕಾ. ಅಂಗ್ಡಿಯೋರು ಗುರುತು ಒಂದಿದ್ರೆ ಸಾಕು ಅಂತಾರೆ,” ಎಂದ.

ಅವನ ಮೇಲೆ ಸಿಟ್ಟಾಗಲೂ ಅವಳಿಗೆ ಆಗಲಿಲ್ಲ. ಯೋಜನೆ ನೋಡಿಕೊಳ್ಳುವ ಇಲಾಖೆಯ ಕಚೇರಿಗೆ ಹೋದಳು. ಅಧಿಕಾರಿ ಸಂಘಮಿತ್ರ ಅವಳನ್ನು ಕೂರಿಸಿಕೊಂಡು ಎಲ್ಲವನ್ನೂ ಕೇಳಿದಳು.

“ನಿಮ್ಮಿಂದ ಏನೂ ಕಿತ್ಕೊಂಡಿಲ್ಲಮ್ಮ. ಸಂಘ ಯೋಜನೇಲಿ ಇದ್ದೇ ಇದೆ. ಬೇರೆಯವರಿಗೂ ಅವಕಾಶ ಆಗಿದೆ, ಅಷ್ಟೆ.”

“ಇದ್ದೀವಿ ಮೇಡಂ. ಕೊಳ್ಳೋರೇ ಇಲ್ವಲ್ಲ.”

ಸಂಘಮಿತ್ರ ಮೇಲಿನವರಿಗೆ ಪತ್ರ ಬರೆಯುತ್ತೇನೆಂದಳು. ಬರೆದಳು ಕೂಡ. ಇನ್ನೂ ಹಲವು ಬಗೆಯ ವಸ್ತುಗಳನ್ನು ಯೋಜನೆಗೆ ಸೇರಿಸಲಾಗಿದೆ ಎಂದಷ್ಟೇ ಅಲ್ಲಿಂದ ಉತ್ತರ ಬಂತು.

ಈ ಸಲ ಹುಣಸೆ ಬಡಿಯುವ ಹೊತ್ತಿಗೆ ಕಾರ್ಖಾನೆಯವರು ಸುತ್ತಲಿನ ಹಳ್ಳಿಗಳ ಬೀಜವನ್ನೆಲ್ಲ ತಾವೇ ಕೊಳ್ಳುವುದಾಗಿ ಮೊದಲೇ ಮಾತಾಡಿಕೊಂಡಿದ್ದರು. ಬೈರಮ್ಮ ದೇವನಹಳ್ಳಿಯ ಹೋಟೆಲಿನಲ್ಲಿ ಪಾತ್ರೆ ತೊಳೆಯಲು ಸೇರಿದಳು. ಮುನಿರತ್ನಮ್ಮ ಕಾರ್ಖಾನೆಯ ಲಾರಿಗೆ ಹೋಗುವ ಬೀಜದಲ್ಲಿ ಕಲ್ಲು, ಕಡ್ಡಿ ಆರಿಸುವ ಕೂಲಿಗೆ ಹೋದಳು. ಹುರಿಯುವುದು, ಬೀಸುವುದು ಎಲ್ಲ ಅವರ ಕಾರ್ಖಾನೆಯಲ್ಲೇ. ಕೊನೆಯ ಲೋಡು ಹೊರಟ ದಿನ ಮೇಸ್ತ್ರಿ ಅವಳ ಕೈ ಚುರುಕೆಂದು ಹೊಗಳಿ, ಮುಂದಿನ ಸುಗ್ಗಿಗೂ ಬರುವಂತೆ ಹೇಳಿದ.

“ಬರ್ತೀನಪ್ಪ,” ಎಂದಳು. ಆ ದಿನದ ಕೂಲಿಯನ್ನು ಎಣಿಸಿ ಸೆರಗಿಗೆ ಕಟ್ಟಿಕೊಂಡಳು.